ಏಳು ಮೆಟ್ಟಿಲು: ಆಯಿಯನ್ನು ಕಾರವಾರಕ್ಕೆ ಕರೆದುಕೊಂಡು ಹೋದದ್ದು

ನಮ್ಮದು ಶಿರಸಿ. ಘಟ್ಟ ಇಳಿದರೆ ಸಮುದ್ರ. ಆದರೂ ಆಯಿಯ, ಅಂದರೆ ನನ್ನ ಅಮ್ಮನ, ಕಾಲಿಗೆ ಸಮುದ್ರದ ನೀರು ತಾಗಿಸಲು ನನಗೆ ಎರಡು ಪ್ರವಾಸ ಬೇಕಾಯಿತು.

ಆಯಿಗೆ ಎಪ್ಪತ್ತೆರಡು ವರ್ಷ. ಎರಡೂ ಮೊಣಕಾಲು ಸವೆದಿವೆ. ಸಪಾಟು ನೆಲದಲ್ಲಿ ಕೋಲು ಹಿಡಿದು ಚೆನ್ನಾಗಿಯೇ ನಡೆಯುತ್ತಾಳೆ. ಮೆಟ್ಟಿಲು ಬಂದರೆ ಕಷ್ಟ. ಅದರಲ್ಲೂ ಹತ್ತುವುದಕ್ಕಿಂತ ಇಳಿಯುವುದೇ ಜಾಸ್ತಿ ಕಷ್ಟ.

ಮೊದಲ ಸಲ ಗೋಕರ್ಣಕ್ಕೆ ಹೋಗಿದ್ದೆವು. ಮಹಾಬಲೇಶ್ವರನ ದರ್ಶನ ಆಯಿತು. ಉಳಿಯಲು ಕುಡ್ಲೆ ಬೀಚಿನ ಕಡೆ ಒಂದು ಕಾಟೇಜು ಹಿಡಿದಿದ್ದೆ. ಫೋಟೋದಲ್ಲಿ ನೀಲಿ ಸಮುದ್ರ, ಕೆಳಗೆ "ಬೀಚಿಗೆ ಎರಡೇ ನಿಮಿಷ" ಅಂತ ಬರೆದಿತ್ತು. ಎರಡು ನಿಮಿಷ ಅನ್ನುವುದು ನಿಜವೇ. ಆದರೆ ಅಷ್ಟೂ ದಾರಿ ಗುಡ್ಡದ ಇಳಿಜಾರು, ಚಿರೆಕಲ್ಲಿನ ಮೆಟ್ಟಿಲು. ಒಂದು ಮೆಟ್ಟಿಲು ಗೇಣುದ್ದ ಇದ್ದರೆ ಮುಂದಿನದು ಮೊಳದಷ್ಟು ಎತ್ತರ. ಹಿಡಿದುಕೊಳ್ಳಲು ಏನೂ ಇಲ್ಲ. ಆಯಿ ನಾಲ್ಕು ಮೆಟ್ಟಿಲು ಇಳಿದು ನಿಂತಳು. "ಆನು ಇಲ್ಲೇ ಕೂತ್ಕತ್ತಿ. ನಿಂಗ ಹೋಗ್ಬನ್ನಿ" ಅಂದಳು. ಎರಡು ದಿನ ಜಗಲಿಯಲ್ಲಿ ಕೂತು ಅಲೆಯ ಸದ್ದು ಕೇಳಿದಳು. ಒಂದು ಮಾತು ದೂರಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಎರಡನೇ ಸಲ ಎಲ್ಲವನ್ನೂ ತಿರುಗಿಸಿ ಯೋಚಿಸಿದೆ. ಮೊದಲು ಆಯಿಯ ಕಾಲು, ಆಮೇಲೆ ಊರು, ಆಮೇಲೆ ದಿನ, ಕೊನೆಗೆ ರೂಮು.

ಊರು ಕಾರವಾರ ಅಂತ ಬೇಗ ನಿರ್ಧಾರ ಆಯಿತು. ಟ್ಯಾಗೋರ್ ಬೀಚು ಊರಿಗೆ ತಾಗಿಯೇ ಇದೆ, ಸಪಾಟು. ಕಾರು ಮರಳಿನ ಹತ್ತಿರದ ತನಕ ಹೋಗುತ್ತದೆ. ಜಿಲ್ಲಾ ಕೇಂದ್ರವಾದ್ದರಿಂದ ದೊಡ್ಡ ಆಸ್ಪತ್ರೆ ಊರೊಳಗೇ ಇದೆ. ಗೋಕರ್ಣದ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಕಾಲ್ನಡಿಗೆ ಇಲ್ಲವೇ ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಹುಡುಗರಿಗೆ ಅದೇ ಖುಷಿ, ಆದರೆ ಈ ಪ್ರವಾಸ ಹುಡುಗರದ್ದಲ್ಲ.

ದಿನ ಗೊತ್ತು ಮಾಡಲು ಪಂಚಾಂಗ ತೆಗೆದೆ. ಯಾಕೆಂದರೆ ಮೊಣಕಾಲು ನೋವಿದ್ದವರಿಗೆ ಒಣ ಮರಳಿನಷ್ಟು ಕೆಟ್ಟ ನೆಲ ಇನ್ನೊಂದಿಲ್ಲ. ಕಾಲು ಹೂತುಹೋಗುತ್ತದೆ, ಕೋಲೂ ಹೂತುಹೋಗುತ್ತದೆ. ಆದರೆ ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದ ಜಾಗ ಇದೆಯಲ್ಲ, ಆ ಒದ್ದೆ ಮರಳು ಸಗಣಿ ಸಾರಿಸಿದ ಅಂಗಳದ ಹಾಗೆ ಗಟ್ಟಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ದೂರ ಸರಿಯುತ್ತದೆ. ನಮ್ಮ ಕರಾವಳಿಯಲ್ಲಿ ಆ ದಿನಗಳಲ್ಲಿ ಇಳಿತ ಬರುವುದೂ ಸಂಜೆಯ ಹೊತ್ತಿಗೇ, ಬಿಸಿಲು ತಗ್ಗಿದ ಮೇಲೆ. ಮರುದಿನ ಅದು ಸುಮಾರು 50 ನಿಮಿಷ ತಡ. ಅಷ್ಟಮಿಯ ಹೊತ್ತಿಗೆ ಹೋದರೆ ಇಳಿತ ನಡು ಮಧ್ಯಾಹ್ನ ಬರುತ್ತದೆ, ಸುಡುವ ಬಿಸಿಲಿನಲ್ಲಿ ಯಾರಿಗೂ ಉಪಯೋಗವಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಸಮುದ್ರ ರೊಚ್ಚಿಗೆದ್ದಿರುತ್ತದೆ. ಡಿಸೆಂಬರ್ ಕೊನೆಗೆ ಗೋವಾದ ಜನಜಂಗುಳಿ ಇತ್ತಲಾಗೂ ಹರಿಯುತ್ತದೆ. 2024ರ ಕಾರ್ತಿಕ ಹುಣ್ಣಿಮೆ ನವೆಂಬರ್ 15, ಶುಕ್ರವಾರ. ಮುಂದಿನ ಸೋಮವಾರ ಕನಕ ಜಯಂತಿಯ ರಜೆ, ಅಂದರೆ ಶನಿವಾರದಿಂದ ಮೂರು ದಿನ ಜನವೋ ಜನ. ಹಾಗಾಗಿ ಗುರುವಾರ ಹೋಗಿ ಶನಿವಾರ ಬೆಳಿಗ್ಗೆ ವಾಪಸು ಅಂತ ಮಾಡಿದೆ. ಮಕ್ಕಳಿಗೆ ಎರಡು ದಿನ ಶಾಲೆ ತಪ್ಪಿತು. ನನಗೆ ಅದರ ಬಗ್ಗೆ ಬೇಸರವಿಲ್ಲ, ಅಜ್ಜಿಯ ಜೊತೆ ಸಮುದ್ರ ನೋಡುವುದೂ ಒಂದು ಪಾಠವೇ ಅಲ್ವಾ. ರೂಮಿನ ಬಾಡಿಗೆಯೂ ಶನಿವಾರದ ದರಕ್ಕಿಂತ 800 ರೂಪಾಯಿ ಕಡಿಮೆ ಇತ್ತು.

ಇನ್ನು ರೂಮು. ಆ್ಯಪ್‌ನಲ್ಲಿ ಹೆಸರು ಹುಡುಕಿದೆ ಅಷ್ಟೆ. ಮ್ಯಾಪಿನಲ್ಲಿ ಉಪಗ್ರಹ ಚಿತ್ರ ಹಾಕಿ ಗೇಟಿನಿಂದ ಮರಳಿನ ತನಕ ಅಳೆದೆ, ಮಧ್ಯೆ ಹೆದ್ದಾರಿ 66 ದಾಟಬೇಕಾ ಅಂತ ನೋಡಿದೆ. ಮಾಲೀಕರು ಹಾಕಿದ ಫೋಟೋ ಬಿಟ್ಟು, ಉಳಿದು ಹೋದವರು ಹಾಕಿದ ಫೋಟೋ ನೋಡಿದೆ. ಅಭಿಪ್ರಾಯಗಳಲ್ಲಿ ಹೊಸದನ್ನು ಮೊದಲು ಓದಿದೆ. ಐದು ನಕ್ಷತ್ರ ಕೊಟ್ಟವರು "ಸೂಪರ್" ಅಂತ ಬರೆದು ಬಿಡುತ್ತಾರೆ. ಎರಡು, ಮೂರು ಕೊಟ್ಟವರು "ಲಿಫ್ಟ್ ಕೆಲಸ ಮಾಡುವುದಿಲ್ಲ", "ನೀರು ಉಪ್ಪು" ಅಂತ ವಿಷಯ ಹೇಳುತ್ತಾರೆ. ಹೀಗೆ ಸೋಸಿದ ಮೇಲೆ ನಾಲ್ಕು ಉಳಿದವು. ನಾಲ್ಕಕ್ಕೂ ಫೋನ್ ಮಾಡಿದೆ.

"ವಯಸ್ಸಾದವರಿಗೆ ಅನುಕೂಲ ಇದೆಯಾ?" ಅಂತ ಕೇಳಲೇಬಾರದು. ಎಲ್ಲರೂ ಇದೆ ಅನ್ನುತ್ತಾರೆ. ನಾನು ಎಣಿಸಿ ಹೇಳಬೇಕಾದ ಪ್ರಶ್ನೆ ಕೇಳಿದೆ. ಗೇಟಿನಿಂದ ಮಂಚದ ತನಕ ಎಷ್ಟು ಮೆಟ್ಟಿಲು? ಕಮೋಡ್ ಇದೆಯಾ? ಬಚ್ಚಲಿಗೆ ಹೊಸ್ತಿಲು ಎಷ್ಟು ಎತ್ತರ, ಟೈಲ್ಸ್ ನೀರು ಬಿದ್ದರೆ ಜಾರುತ್ತದಾ? ಕರೆಂಟು ಹೋದರೆ ಫ್ಯಾನ್ ತಿರುಗುತ್ತದಾ? ಮೊದಲ ಇಬ್ಬರು "ಬನ್ನಿ ಮೇಡಂ, ಅಡ್ಜಸ್ಟ್ ಮಾಡೋಣ" ಅಂದರು. ಮೂರನೆಯವರು ತಿರುಗಿ ಫೋನ್ ಮಾಡುತ್ತೇನೆ ಅಂದವರು ಮಾಡಲಿಲ್ಲ.

ನಾಲ್ಕನೆಯದು ಒಂದು ಹೋಮ್‌ಸ್ಟೇ. ಫೋನ್ ಎತ್ತಿದವರು ಮನೆಯ ಯಜಮಾನಿ. "ಮೆಟ್ಟಿಲು ಎಷ್ಟು ಅಂತ ಒಮ್ಮೆ ಎಣಿಸಿ ಹೇಳ್ತೀರಾ ಅಕ್ಕಾ?" ಅಂದೆ. "ತಡೀರಿ" ಅಂದರು. ಚಪ್ಪಲಿಯ ಸದ್ದು ಕೇಳಿಸಿತು. ಒಂದು, ಎರಡು ಅಂತ ಅವರು ಎಣಿಸುವುದೂ ಕೇಳಿಸಿತು. "ಏಳು. ಕೈ ಹಿಡಿಲಿಕ್ಕೆ ಕಬ್ಬಿಣದ ಸರಳು ಉಂಟು, ಆದ್ರೆ ಎಡಗಡೆ ಮಾತ್ರ. ಅಮ್ಮನಿಗೆ ಯಾವ ಕಾಲು ಜಾಸ್ತಿ ನೋವು?" ಅಲ್ಲೇ ನಾನು ಒಪ್ಪಿಬಿಟ್ಟೆ. ಆಮೇಲೆ ಗೇಟಿನಿಂದ ಮಂಚದ ತನಕ ಎಲ್ಲೂ ನಿಲ್ಲಿಸದೆ ಒಂದು ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರು. ಸಮುದ್ರ ಅಲ್ಲಿಂದ ಕಾಣುವುದಿಲ್ಲ, ಕಾರಿನಲ್ಲಿ ಐದು ನಿಮಿಷ. ಕಾಣುವ ಸಮುದ್ರಕ್ಕಿಂತ ತಲುಪುವ ಸಮುದ್ರ ನಮಗೆ ಬೇಕಿತ್ತು. ನಮ್ಮದು ಸಸ್ಯಾಹಾರ ಅಂದಾಗ, ಬೇರೆ ಪಾತ್ರೆಯಲ್ಲಿ ರಾತ್ರಿ ಗಂಜಿ ಮಾಡಿಕೊಡುತ್ತೇನೆ ಅಂದರು. ಅಪ್ಪೆಮಿಡಿ ಉಪ್ಪಿನಕಾಯಿ ನಮ್ಮ ಮನೆಯದೇ ಒಯ್ದೆವು. 1,000 ರೂಪಾಯಿ ಮುಂಗಡ ಕೊಟ್ಟೆ, ಉಳಿದದ್ದು ಹೋದ ಮೇಲೆ. ಪೂರ್ತಿ ಹಣ ಮೊದಲೇ ಕೇಳುವ ಕಡೆ ನಾನು ರೂಮು ಹಿಡಿಯುವುದಿಲ್ಲ.

ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಾಟಿಯಲ್ಲಿ ರಸ್ತೆ ಅಗಲ ಮಾಡುವ ಕೆಲಸ ಇತ್ತು. ಅದಕ್ಕೆ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಬಂದು, ಕಾರವಾರ ಸೇರಿದೆವು. ರೈಲಿನಲ್ಲಿ ಬರುವವರಿಗೆ ಒಂದು ಮಾತು: ಕಾರವಾರ ಸ್ಟೇಷನ್ ಇರುವುದು ಶಿರವಾಡದಲ್ಲಿ, ಊರಿನಿಂದ ಹೊರಗೆ. ಆಟೋದ ಖರ್ಚು ಲೆಕ್ಕ ಹಿಡಿಯಿರಿ.

ಶುಕ್ರವಾರ ಬೆಳಿಗ್ಗೆ ಕಾಳಿ ನದಿ ದಾಟಿ ಸದಾಶಿವಗಡದ ಕಡೆಯಿಂದ ದೇವಬಾಗ ಬೀಚಿಗೆ ಹೋದೆವು. ಆ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಹಳೇ ಸೇತುವೆ ಕುಸಿದಿತ್ತು. ಹೊಸ ಸೇತುವೆಯ ಮೇಲೆ ನಿಧಾನ ಹೋಗುವಾಗ ಪಕ್ಕದಲ್ಲಿ ಅದರ ಉಳಿದ ಕಂಬಗಳು ಕಂಡವು, ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ದೇವಬಾಗದಲ್ಲಿ ಆಯಿ ಗಾಳಿಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಮಡಚುವ ಪ್ಲಾಸ್ಟಿಕ್ ಕುರ್ಚಿ ಮನೆಯಿಂದಲೇ ತಂದಿದ್ದೆ. ಅದೊಂದು ಇದ್ದರೆ ಅರ್ಧ ಚಿಂತೆ ಕಡಿಮೆ. ಮಧ್ಯಾಹ್ನ ವಿಶ್ರಾಂತಿ. ದಿನಕ್ಕೆ ಎರಡೇ ಜಾಗ ಅಂತ ಮೊದಲೇ ಗೆರೆ ಹಾಕಿದ್ದೆ.

ಸಂಜೆ ಐದಕ್ಕೆ ಟ್ಯಾಗೋರ್ ಬೀಚು. ಟ್ಯಾಗೋರರು ಇಪ್ಪತ್ತರ ಹರೆಯದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಉಳಿದಿದ್ದರಂತೆ ಅಂತ ಆಯಿಗೆ ಹೇಳಿದೆ. ಅವಳ ಗಮನ ನೀರಿನ ಮೇಲಿತ್ತು. ಮಕ್ಕಳು ಅಪ್ಪನ ಜೊತೆ, ಅಲ್ಲೇ ದಡದಲ್ಲಿ ಮ್ಯೂಸಿಯಂ ಮಾಡಿ ಇಟ್ಟಿರುವ ಚಪಲ್ ಯುದ್ಧನೌಕೆ ನೋಡಲು ಓಡಿದರು. ಒಣ ಮರಳು ಕಡಿಮೆ ಇರುವ ಕಡೆ ನೋಡಿ, ನಾನೂ ತಮ್ಮನೂ ಎರಡು ಕಡೆ ಕೈ ಹಿಡಿದು ಆಯಿಯನ್ನು ಇಳಿಸಿದೆವು. ನಡುವೆ ಎರಡು ಸಲ ಕುರ್ಚಿಯ ಮೇಲೆ ಕೂರಿಸಿದೆವು. ಒದ್ದೆ ಮರಳು ಸಿಕ್ಕಿದ ಕೂಡಲೇ ಅವಳ ಹೆಜ್ಜೆ ಬದಲಾಯಿತು. ಕೋಲು ಊರಿದರೆ ನಾಣ್ಯದಷ್ಟು ಗುರುತು ಬೀಳುತ್ತಿತ್ತು ಅಷ್ಟೆ, ಒಳಗೆ ಇಳಿಯುತ್ತಿರಲಿಲ್ಲ. ತಮ್ಮನ ಕೈ ಬಿಡಿಸಿಕೊಂಡಳು. ಒಂದು ತೆಳ್ಳನೆ ಅಲೆ ಬಂದು ಪಾದ ಮುಚ್ಚಿ ಹಿಂದೆ ಹೋಯಿತು. ಹಿಮ್ಮಡಿಯ ಕೆಳಗಿನ ಮರಳು ಸರಿದಾಗ ಆಯಿ "ಅಯ್ಯೋ" ಅಂದು ನಕ್ಕಳು. ನಾನು ಇಷ್ಟು ಸಾಕು ಅಂದುಕೊಂಡೆ. ಅವಳು ಸೀರೆಯ ನೆರಿಗೆ ಎತ್ತಿಕೊಂಡು, "ಇನ್ನೊಂಚೂರು ಮುಂದೆ ಹೋಪನ, ಬಾರೇ" ಅಂದಳು.

ಈ ಮಳೆಗಾಲ ಕಳೆದ ಮೇಲೆ ಹೊನ್ನಾವರಕ್ಕೆ ಹೋಗುವ ಯೋಚನೆ ಇದೆ. ಅಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೆ ಮರದ ಹಲಗೆಯ ನಡೆದಾರಿ ಇದೆ. ಕಾಂಡ್ಲಾಕ್ಕೆ ಉಬ್ಬರದ ಹೊತ್ತೇ ಚಂದ, ಬೇರುಗಳ ನಡುವೆ ನೀರು ತುಂಬಿರುತ್ತದೆ. ನಾನು ಪಂಚಾಂಗ ಹಿಡಿದು ಕೂತಿದ್ದೆ. ಆಯಿ ಅಡಿಗೆಮನೆಯಿಂದಲೇ ಕೂಗಿ ಹೇಳಿದಳು: "ಅಲ್ಲಿ ಮೆಟ್ಲು ಎಷ್ಟಿದ್ದು, ಫೋನ್ ಮಾಡಿ ಕೇಳೇ."