ಬ್ಯಾಕಪ್ ತೆಗೆದಿದ್ದೀರಿ, ಸರಿ. ತೆರೆದು ನೋಡಿದ್ದೀರಾ?

ಎಂಟು ತಿಂಗಳು ನಾನು ದಿನಾ ಸಂಜೆ ತಪ್ಪದೆ ಬ್ಯಾಕಪ್ ತೆಗೆದೆ. ಪೆನ್ ಡ್ರೈವ್ ಸಿಕ್ಕಿಸುವುದು, ಡೆಸ್ಕ್‌ಟಾಪ್ ಮೇಲಿದ್ದ ‘ಲೆಕ್ಕ’ ಎನ್ನುವ ಫೈಲನ್ನು ಅದಕ್ಕೆ ಎಳೆದು ಹಾಕುವುದು, ಪೆನ್ ಡ್ರೈವ್ ಜೇಬಿಗಿಳಿಸಿ ಹೊರಡುವುದು. ಒಂದು ದಿನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ನನಗೇನೂ ಗಾಬರಿಯಾಗಲಿಲ್ಲ. ಬೇರೆ ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕಿ ಫೈಲ್ ಮೇಲೆ ಕ್ಲಿಕ್ ಮಾಡಿದೆ. ತೆರೆಯಲಿಲ್ಲ. ಇಷ್ಟು ದಿನ ನಾನು ನಕಲು ಮಾಡಿಕೊಂಡಿದ್ದು ಫೈಲನ್ನಲ್ಲ, ಅದರ ಶಾರ್ಟ್‌ಕಟ್ಟನ್ನು, ಅಂದರೆ ಫೈಲ್ ಎಲ್ಲಿದೆ ಎಂದು ತೋರಿಸುವ ಕೊಂಡಿಯನ್ನಷ್ಟೇ! ಗಾತ್ರ ಎರಡು ಕೆಬಿ. ಒಂದೇ ಒಂದು ಸಲ ಆ ಗಾತ್ರದ ಕಡೆ ಕಣ್ಣು ಹಾಯಿಸಿದ್ದರೂ ಗೊತ್ತಾಗುತ್ತಿತ್ತು.

ಹಳೆಯ ಬಿಲ್ಲುಗಳನ್ನೆಲ್ಲ ಮುಂದೆ ಹರಡಿಕೊಂಡು ಲೆಕ್ಕ ಮತ್ತೆ ಬರೆಯಲು ಒಂದು ತಿಂಗಳು ಹಿಡಿಯಿತು. ಬಾಕಿ ಇದ್ದವರಲ್ಲಿ ಕೆಲವರು ತಾವೇ ನೆನಪಿಟ್ಟು ಕೊಟ್ಟರು. ಕೆಲವರು ಸುಮ್ಮನಾದರು.

ಕೆಳಗಿರುವುದು ಆಮೇಲೆ ನಾನು ರೂಢಿಸಿಕೊಂಡ ಕ್ರಮ. ಒಬ್ಬಿಬ್ಬರೇ ನಡೆಸುವ ವ್ಯವಹಾರಕ್ಕೆ ಇಷ್ಟು ಸಾಕು. ಒಂದು ರಜೆಯ ದಿನ ಕೂತರೆ ಮುಗಿಯುತ್ತದೆ.

ಮೊದಲು ಪಟ್ಟಿ, ಆಮೇಲೆ ಸಾಫ್ಟ್‌ವೇರ್

ಒಂದು ಹಾಳೆ ತೆಗೆದುಕೊಳ್ಳಿ. ನಾಳೆ ಬೆಳಿಗ್ಗೆ ನಿಮ್ಮ ಕಂಪ್ಯೂಟರೂ ಇಲ್ಲ, ಫೋನೂ ಇಲ್ಲ ಅಂದುಕೊಳ್ಳಿ. ಏನಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ? ಬಿಲ್ಲುಗಳು, ಯಾರಿಂದ ಎಷ್ಟು ಬರಬೇಕು, ಸ್ಟಾಕ್ ಲೆಕ್ಕ, ಗಿರಾಕಿಗಳ ನಂಬರು, ತೆರಿಗೆ ಕಾಗದ. ಒಂದೊಂದರ ಮುಂದೆಯೂ ಅದು ಈಗ ಎಲ್ಲಿದೆ ಎಂದು ಬರೆಯಿರಿ.

ಈ ಪಟ್ಟಿ ಮಾಡುವಾಗಲೇ ನಿಜವಾದ ತೊಂದರೆ ಕಾಣುವುದು. ಲೆಕ್ಕ ಕಂಪ್ಯೂಟರಿನಲ್ಲಿರುತ್ತದೆ, ಆದರೆ ಆರ್ಡರುಗಳು ವಾಟ್ಸಾಪ್ ಮಾತುಕತೆಯ ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತವೆ. ವಾಟ್ಸಾಪ್‌ನಲ್ಲೂ ಬ್ಯಾಕಪ್ ಇದೆ, ಅದನ್ನು ಪಾಸ್‌ವರ್ಡ್ ಹಾಕಿ ಭದ್ರ ಮಾಡುವ ಸೌಲಭ್ಯ 2021ರಿಂದ ಇದೆ. ಆ ಪಾಸ್‌ವರ್ಡ್ ಮರೆತರೆ ಮಾತ್ರ ವಾಟ್ಸಾಪ್‌ನವರೂ ತೆರೆದುಕೊಡಲಾರರು. ಹಾಗಾಗಿ ಆರ್ಡರನ್ನು ಚಾಟ್‌ನಲ್ಲೇ ಬಿಡಬೇಡಿ. ದಿನದ ಕೊನೆಗೆ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಬರೆದಿಡಿ. ಎಕ್ಸೆಲ್ ಇಲ್ಲದಿದ್ದರೆ ಲಿಬ್ರೆಆಫೀಸ್ ಪೂರ್ತಿ ಉಚಿತ, ಈ ಕೆಲಸಕ್ಕೆ ಧಾರಾಳ ಸಾಕು.

ಎಲ್ಲವೂ ಒಂದೇ ಫೋಲ್ಡರಿಗೆ

ಡಾಕ್ಯುಮೆಂಟ್ಸ್ ಒಳಗೆ ‘ವ್ಯವಹಾರ’ ಎಂಬ ಒಂದು ಫೋಲ್ಡರ್ ಮಾಡಿ. ಪಟ್ಟಿಯಲ್ಲಿರುವುದೆಲ್ಲ ಅದರೊಳಗೇ ಇರಲಿ. ಡೆಸ್ಕ್‌ಟಾಪ್ ಮೇಲೆ ಸ್ವಲ್ಪ, ಡೌನ್‌ಲೋಡ್ಸ್‌ನಲ್ಲಿ ಸ್ವಲ್ಪ ಅಂತ ಚೆಲ್ಲಿಕೊಂಡಿದ್ದರೆ ಬ್ಯಾಕಪ್ ತೆಗೆಯುವಾಗ ಒಂದಲ್ಲ ಒಂದು ತಪ್ಪಿಹೋಗುತ್ತದೆ.

ಫೈಲಿನ ಹೆಸರಿನ ಮೊದಲಿಗೆ ತಾರೀಖು ಹಾಕಿ, ಅದೂ ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ: 2025-04-09. ಹೀಗೆ ಬರೆದರೆ ಫೈಲುಗಳು ತಾವೇ ಸಾಲಾಗಿ ನಿಲ್ಲುತ್ತವೆ. ‘ಫೈನಲ್’, ‘ಹೊಸ ಫೈನಲ್’, ‘ಇದೇ ಫೈನಲ್’ ಎಂಬ ಮೂರು ಫೈಲುಗಳಲ್ಲಿ ಯಾವುದು ಸರಿ ಎಂದು ತಲೆ ಕೆರೆದುಕೊಳ್ಳುವ ಕಷ್ಟ ಇರುವುದಿಲ್ಲ.

ಇನ್ನೂ ಎಕ್ಸೆಲ್‌ನ ಹಳೆಯ ಎಕ್ಸ್ಎಲ್ಎಸ್ (.xls) ಮಾದರಿಯ ಫೈಲು ಬಳಸುತ್ತಿದ್ದರೆ ಹೊಸ ಎಕ್ಸ್ಎಲ್ಎಸ್ಎಕ್ಸ್ (.xlsx) ಮಾದರಿಗೆ ಸೇವ್ ಮಾಡಿಕೊಳ್ಳಿ. ಹಳೆಯದರಲ್ಲಿ ಒಂದು ಹಾಳೆಗೆ 65,536 ಸಾಲುಗಳಷ್ಟೇ ಹಿಡಿಸುತ್ತವೆ, ಹೊಸದರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಹಳೆಯ ಮಾದರಿ ಬಳಸಿ, ಸುಮಾರು 16,000 ಕೋವಿಡ್ ಪ್ರಕರಣಗಳು ಆಯಾ ದಿನದ ಲೆಕ್ಕದಿಂದಲೇ ಬಿಟ್ಟುಹೋಗಿದ್ದವು. ನಮ್ಮ ಲೆಕ್ಕ ಅಷ್ಟು ದೊಡ್ಡದಲ್ಲ, ಒಪ್ಪಿದೆ. ಆದರೂ ಬದಲಾಯಿಸಲು ಎರಡು ನಿಮಿಷ ಸಾಕಲ್ವಾ?

ಲೆಕ್ಕಪತ್ರದ ಸಾಫ್ಟ್‌ವೇರ್ ಬಳಸುವವರು ಅದರ ಫೈಲನ್ನು ನೇರವಾಗಿ ನಕಲು ಮಾಡಬೇಡಿ. ಸಾಫ್ಟ್‌ವೇರ್ ತೆರೆದಿರುವಾಗ ನಕಲು ಮಾಡಿದರೆ ಫೈಲು ಅರ್ಧಂಬರ್ಧ ಬರಬಹುದು. ಅದರೊಳಗೇ ಬ್ಯಾಕಪ್ ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿ, ಬರುವ ಫೈಲನ್ನು ‘ವ್ಯವಹಾರ’ ಫೋಲ್ಡರಿಗೆ ಹಾಕಿ.

ಮೂರು, ಎರಡು, ಒಂದು

ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ ಲೆಕ್ಕ ಇದು. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಜಾಗದಲ್ಲಿರಲಿ. ಕಂಪ್ಯೂಟರಿನಲ್ಲಿರುವುದೇ ಮೊದಲನೆಯದು. ಹಾಗಾಗಿ ಇನ್ನೆರಡು ಮಾಡಿಕೊಂಡರೆ ಆಯಿತು.

ಎರಡನೆಯದಕ್ಕೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಪೆನ್ ಡ್ರೈವ್ ಫೈಲು ಸಾಗಿಸಲಿಕ್ಕೆ ಸರಿ, ವರ್ಷಗಟ್ಟಲೆ ಇಡಲಿಕ್ಕೆ ನಾನಂತೂ ನಂಬುವುದಿಲ್ಲ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಫೈಲ್ ಹಿಸ್ಟರಿ ಆನ್ ಮಾಡಿ. ಮ್ಯಾಕ್‌ನಲ್ಲಾದರೆ ಟೈಮ್ ಮಷೀನ್ ಇದೆ. ಡಿಸ್ಕ್ ಜೋಡಿಸಿದ್ದಾಗ ಇವು ಗಂಟೆಗೊಮ್ಮೆ ತಾವೇ ಪ್ರತಿ ತೆಗೆಯುತ್ತವೆ. ಬೇರೆ ಸಾಫ್ಟ್‌ವೇರ್ ಕೊಳ್ಳುವುದು ಬೇಡ. ಫೈಲ್ ಹಿಸ್ಟರಿ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್‌ನಂಥ ಜಾಗಗಳನ್ನಷ್ಟೇ ನೋಡುತ್ತದೆ. ‘ವ್ಯವಹಾರ’ ಫೋಲ್ಡರನ್ನು ಡಾಕ್ಯುಮೆಂಟ್ಸ್ ಒಳಗೇ ಮಾಡಿ ಎಂದಿದ್ದು ಇದಕ್ಕೇ.

ಕೆಲಸ ಮುಗಿದ ಮೇಲೆ ಡಿಸ್ಕ್ ಬಿಚ್ಚಿಡಿ. ಸೋಮಾರಿತನಕ್ಕೆ ಅದನ್ನು ಸಿಕ್ಕಿಸಿಯೇ ಬಿಡುವವರು ಜಾಸ್ತಿ. ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಬಂದರೆ, ಆ ಹೊತ್ತಿಗೆ ಜೋಡಿಸಿರುವ ಡಿಸ್ಕಿಗೂ ಬೀಗ ಬೀಳುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ್‍ಯಾನ್ಸಮ್‌ವೇರ್ 150ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿದ್ದು ನೆನಪಿರಬಹುದು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು. ‘ಆಮೇಲೆ ನೆನಪಿಸು’ ಎಂದು ಒತ್ತುವ ಅಭ್ಯಾಸ ನನಗೂ ಇತ್ತು, ಈಗ ಬಿಟ್ಟಿದ್ದೇನೆ.

ಮೂರನೆಯ ಪ್ರತಿ ಇಂಟರ್‌ನೆಟ್‌ನಲ್ಲಿ

ಗೂಗಲ್ ಖಾತೆಯ ಜೊತೆ ಉಚಿತವಾಗಿ 15 ಜಿಬಿವರೆಗೆ ಜಾಗ ಸಿಗುತ್ತದೆ. ಫೈಲು ಇಡುವ ಗೂಗಲ್ ಡ್ರೈವ್, ಜಿಮೇಲ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟು. ಬರೀ ಲೆಕ್ಕದ ಫೈಲುಗಳಿಗೆ ಇದು ಸಾಕಷ್ಟಾಯಿತು. ಫೋಟೋ, ವಿಡಿಯೋ ತುಂಬಿದರೆ ಮಾತ್ರ ಬೇಗ ಮುಗಿದುಹೋಗುತ್ತದೆ.

ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. ಕಂಪ್ಯೂಟರಿನ ಫೋಲ್ಡರ್ ಡ್ರೈವ್ ಜೊತೆ ಸಿಂಕ್ ಆಗುತ್ತಿದ್ದರೆ, ಅಂದರೆ ಎರಡೂ ಕಡೆ ಒಂದೇ ಥರ ಇರುವಂತೆ ತಾನೇ ಬದಲಾಗುತ್ತಿದ್ದರೆ, ಅದೇ ಬ್ಯಾಕಪ್ ಎಂದುಕೊಳ್ಳುತ್ತಾರೆ. ಅಲ್ಲ. ಇಲ್ಲಿ ಡಿಲೀಟ್ ಮಾಡಿದರೆ ಅಲ್ಲೂ ಡಿಲೀಟ್ ಆಗುತ್ತದೆ. ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇದ್ದು, ಆಮೇಲೆ ಪೂರ್ತಿ ಹೋಗುತ್ತದೆ. ಜೂನ್‌ನಲ್ಲಿ ಕೈತಪ್ಪಿ ಅಳಿಸಿದ್ದು ಆಗಸ್ಟ್‌ನಲ್ಲಿ ನೆನಪಾದರೆ ಏನೂ ಮಾಡುವಂತಿಲ್ಲ.

ಅದಕ್ಕೆ ವಾರಕ್ಕೊಮ್ಮೆ ಹೀಗೆ ಮಾಡಿ. ಸೆವೆನ್-ಝಿಪ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ‘ವ್ಯವಹಾರ’ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪಾಸ್‌ವರ್ಡ್ ಕೊಟ್ಟು ಒಂದೇ ಫೈಲಾಗಿ ಕಟ್ಟಿ. ಹೆಸರಿಗೆ ತಾರೀಖು ಸೇರಿಸಿ, ಬ್ರೌಸರಿನಿಂದ ಡ್ರೈವ್‌ಗೆ ಅಪ್‌ಲೋಡ್ ಮಾಡಿ. ಕೊನೆಯ ಎಂಟು ವಾರದ ಪ್ರತಿಗಳನ್ನು ಇಟ್ಟುಕೊಂಡು ಹಳೆಯವನ್ನು ತೆಗೆಯಿರಿ. ಪ್ರತಿ ತಿಂಗಳದ್ದೊಂದು ಮಾತ್ರ ಉಳಿಸಿಕೊಳ್ಳಿ.

ಪಾಸ್‌ವರ್ಡ್ ಮರೆತರೆ ಆ ಫೈಲು ಇದ್ದೂ ಇಲ್ಲದಂತೆ. ಬಿಟ್‌ವಾರ್ಡನ್ ಅಥವಾ ಕೀಪಾಸ್‌ಎಕ್ಸ್‌ಸಿ ಥರದ, ಪಾಸ್‌ವರ್ಡುಗಳನ್ನೆಲ್ಲ ಒಂದೇ ಮುಖ್ಯ ಪಾಸ್‌ವರ್ಡಿನ ಹಿಂದೆ ಭದ್ರವಾಗಿಡುವ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಬರೆದಿಡಿ. ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆಯನ್ನೂ ಹಾಕಿ, ಅಂದರೆ ಪಾಸ್‌ವರ್ಡ್ ಜೊತೆಗೆ ನಿಮ್ಮ ಫೋನಿನಿಂದಲೂ ಖಚಿತಪಡಿಸುವುದು. ಆಗ ಗೂಗಲ್ ಹತ್ತು ಬ್ಯಾಕಪ್ ಕೋಡುಗಳನ್ನು ಕೊಡುತ್ತದೆ, ಒಂದೊಂದನ್ನು ಒಂದು ಸಲ ಮಾತ್ರ ಬಳಸಬಹುದು. ಅವನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿಡಿ. ಫೋನ್ ಕಳೆದ ದಿನ ಒಳಗೆ ಹೋಗಲು ಅದೇ ದಾರಿ. ಪಾಸ್‌ವರ್ಡ್ ಮ್ಯಾನೇಜರ್‌ನ ಮುಖ್ಯ ಪಾಸ್‌ವರ್ಡ್ ಕೂಡ ಅದೇ ಹಾಳೆಯಲ್ಲಿರಲಿ.

ಈಗ ಮುಖ್ಯವಾದದ್ದು: ತೆರೆದು ನೋಡುವುದು

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರ್ ಒಬ್ಬರು ಕೈತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು. ನೋಡಿದರೆ ಒಂದೂ ಸರಿಯಾಗಿ ನಡೆಯುತ್ತಿರಲಿಲ್ಲ, ಕೆಲವನ್ನು ಆನ್ ಮಾಡಿಯೇ ಇರಲಿಲ್ಲ. ಆರು ಗಂಟೆ ಮೊದಲು ಬೇರೇನೋ ಕೆಲಸಕ್ಕೆ ಅವರೇ ತೆಗೆದಿಟ್ಟ ಒಂದು ಪ್ರತಿ ಪುಣ್ಯಕ್ಕೆ ಸಿಕ್ಕಿತು. ಇಡೀ ಕಥೆಯನ್ನು ಕಂಪನಿಯೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿತು. ಅದನ್ನು ಓದಿದಾಗ ನನ್ನ ಎರಡು ಕೆಬಿ ಫೈಲಿನ ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ಮೂರು ತಿಂಗಳಿಗೊಮ್ಮೆ ಹೀಗೆ ಪರೀಕ್ಷೆ ಮಾಡಿ. ನಿಮ್ಮದಲ್ಲದ ಕಂಪ್ಯೂಟರ್ ತೆಗೆದುಕೊಳ್ಳಿ, ಮನೆಯವರದ್ದಾದರೂ ಆದೀತು. ಗಡಿಯಾರ ನೋಡಿಕೊಳ್ಳಿ. ಡ್ರೈವ್‌ನಿಂದ ಕೊನೆಯ ಪ್ರತಿಯನ್ನು ಇಳಿಸಿ, ಬೇರೆ ಫೋಲ್ಡರಿನಲ್ಲಿ ಬಿಚ್ಚಿ. ಕೆಲಸ ಮಾಡುತ್ತಿರುವ ಫೈಲಿನ ಮೇಲೆ ಮಾತ್ರ ಯಾವತ್ತೂ ಹಾಕಬೇಡಿ. ಆಮೇಲೆ ಮೂರು ವಿಷಯ ನೋಡಿ. ಕೊನೆಯ ಬಿಲ್ ನಂಬರ್ ಹೊಂದುತ್ತದೆಯೇ? ಬಾಕಿಯ ಒಟ್ಟು ಮೊತ್ತ ಸರಿಯಿದೆಯೇ? ಹೋದ ವರ್ಷದ ಯಾವುದೋ ಒಂದು ಬಿಲ್ ತೆರೆಯುತ್ತದೆಯೇ? ಹಾರ್ಡ್ ಡಿಸ್ಕಿನ ಪ್ರತಿಯನ್ನೂ ಹೀಗೇ ನೋಡಿ. ಸಂಬಂಧವಿಲ್ಲದ ಹಳೆಯ ಫೈಲನ್ನು ಬೇಕಂತಲೇ ಆರಿಸಿ, ಯಾಕೆಂದರೆ ಬಿಟ್ಟುಹೋಗುವುದು ಅಂಥವೇ.

ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಮೊದಲ ಸಲ ನನಗೆ ಎರಡು ಗಂಟೆಗೂ ಜಾಸ್ತಿ ಬೇಕಾಯಿತು. ಫೈಲುಗಳೆಲ್ಲ ಹತ್ತೇ ನಿಮಿಷದಲ್ಲಿ ಬಂದವು. ಆದರೆ ಲೆಕ್ಕದ ಸಾಫ್ಟ್‌ವೇರನ್ನು ಹೊಸ ಕಂಪ್ಯೂಟರಿಗೆ ಹಾಕಲು ಲೈಸೆನ್ಸ್ ಕೀ ಕೇಳಿತು. ಆ ಕೀ ಯಾವ ಇಮೇಲಿನಲ್ಲಿ ಬಂದಿತ್ತೆಂದು ಹುಡುಕುವುದರಲ್ಲೇ ಉಳಿದ ಹೊತ್ತೆಲ್ಲ ಹೋಯಿತು. ಈಗ ನನ್ನ ಪಟ್ಟಿಯ ಮೊದಲ ಸಾಲು ಅದೇ.