ರಾಯಚೂರಲ್ಲಿ ರೋಬೋಟ್ ರಿಸರ್ಚ್ ಮಾಡಬೇಕಾ? ಮೊದಲು ಎರೆ ಹೊಲಕ್ಕೆ ಇಳಿಯಿರಿ

ಎಂಜಿನಿಯರಿಂಗ್ ಓದುತ್ತಿದ್ದೀರಿ, ರೋಬೋಟಿಕ್ಸ್ ಇಷ್ಟ, ಆದರೆ ಯಾವ ಪ್ರೊಫೆಸರ್ ಹತ್ತಿರ ಹೋಗಿ ಏನಂತ ಕೇಳಬೇಕೋ ಗೊತ್ತಾಗುತ್ತಿಲ್ಲ, ಅಲ್ವಾ? "ಸರ್, ಏನಾದರೂ ಪ್ರಾಜೆಕ್ಟ್ ಕೊಡಿ" ಅಂತ ಮಾತ್ರ ಹೋಗಬೇಡಿ. ಪಾಠ, ವ್ಯಾಲ್ಯುಯೇಷನ್, ಪಿಎಚ್‌ಡಿ ಹುಡುಗರು, ಪ್ರಪೋಸಲ್ಲು, ಮೀಟಿಂಗು ಇಷ್ಟರ ನಡುವೆ ನಿಮಗೊಂದು ಸಮಸ್ಯೆ ಹುಡುಕಲು ಅವರಿಗೆ ಟೈಮ್ ಎಲ್ಲಿದೆ? ಸಮಸ್ಯೆಯನ್ನು ನೀವೇ ಒಯ್ಯಿರಿ.

ಅದು ನಮ್ಮ ಹತ್ತಿ ಹೊಲದಲ್ಲೇ ಸಿಗುತ್ತದೆ. ಸಾಲಿನ ನಡುವೆ ಎಡೆ ಹೊಡೆಯುವ ಪುಟ್ಟ ರೋಬೋಟ್ ಅಂದುಕೊಳ್ಳಿ. ಮೊದಲು ಹೊಲದವರನ್ನೇ ಕೇಳಿ: "ಅಣ್ಣಾ, ಎಡೆ ಯಾವಾಗ ಹೊಡೀತೀರಿ, ಎಷ್ಟು ಆಳು ಬೇಕು?" ಸಾಲಿನ ಅಂತರ ಅಳೆಯಿರಿ. ಎಷ್ಟೋ ಕಡೆ ಅದು 90 ಸೆಂ.ಮೀ. ಆಸುಪಾಸು ಇರುತ್ತದೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ ಅದನ್ನು ನಂಬಿದರೆ ರೋಬೋಟ್ ಪಕ್ಕದ ಸಾಲಿಗೇ ಹೋಗಿ ಗಿಡ ಕೀಳುತ್ತದೆ. ಆರ್‌ಟಿಕೆ ಜಿಪಿಎಸ್ (ನೆಲದ ಮೇಲಿನ ಇನ್ನೊಂದು ರಿಸೀವರ್ ನೆರವಿನಿಂದ ತಪ್ಪು ತಿದ್ದಿಕೊಳ್ಳುವ ಜಿಪಿಎಸ್) ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ, ಆದರೆ ದುಬಾರಿ. ಲ್ಯಾಬಿನಲ್ಲಿದೆಯಾ ಕೇಳಿ.

ಈಗ ನಿಜವಾದ ಕೆಲಸ: ಜಿಪಿಎಸ್ ಇಲ್ಲದೆ, ಚಕ್ರದ ಸುತ್ತು ಎಣಿಸಿ ದೂರ ಎಷ್ಟು ಸರಿಯಾಗಿ ತಿಳಿಯುತ್ತದೆ ಅಂತ ನೋಡುವುದು. ಪುಟ್ಟ ಬಂಡಿಯೊಂದಕ್ಕೆ ಎನ್‌ಕೋಡರ್ (ಸುತ್ತು ಎಣಿಸುವ ಸೆನ್ಸರ್) ಇರುವ ಎರಡು ಗೇರ್ ಮೋಟರ್, ಅದನ್ನೆಲ್ಲ ನಡೆಸುವ ಚಿಕ್ಕ ಕಂಪ್ಯೂಟರ್ ಚಿಪ್ ಬೋರ್ಡ್ ಇಎಸ್‌ಪಿ32 ಒಂದು, ಮೋಟರಿಗೆ ಕರೆಂಟ್ ಕೊಡುವ ಮೋಟರ್ ಡ್ರೈವರ್, ಬ್ಯಾಟರಿ, ಇಷ್ಟು ಸಾಕು. ಹೊಲದಲ್ಲಿ ಹಗ್ಗ ಎಳೆದು 10 ಮೀಟರ್ ಗುರುತು ಮಾಡಿ ಓಡಿಸಿ. ಎನ್‌ಕೋಡರ್ ಚಕ್ರ ಎಷ್ಟು ತಿರುಗಿತು ಅಂತ ಎಣಿಸುತ್ತದೆ, ಬಂಡಿ ಎಷ್ಟು ಮುಂದೆ ಹೋಯಿತು ಅಂತ ಅಲ್ಲ. ಎರೆ ಮಣ್ಣು ಹಸಿ ಇದ್ದರೆ ಚಕ್ರ ನಿಂತಲ್ಲೇ ಜಾರುತ್ತದೆ, ಜೊತೆಗೆ ಮಣ್ಣು ಮೆತ್ತಿ ಮೆತ್ತಿ ಚಕ್ರದ ಸುತ್ತಳತೆಯೇ ಹೆಚ್ಚಾಗುತ್ತದೆ, ಹೀಗಾಗಿ ಲೆಕ್ಕ ಎರಡೂ ಕಡೆಯಿಂದ ಕೆಡುತ್ತದೆ. ಒಣ ಮಣ್ಣಲ್ಲಿ ಹತ್ತು ಸಲ, ನೀರು ಬಿಟ್ಟ ಮರುದಿನ ಹತ್ತು ಸಲ ಓಡಿಸಿ, ಪ್ರತಿ ಸಲ ಟೇಪ್ ಹಿಡಿದು ಅಳೆದು ಬರೆಯಿರಿ. ಬ್ಯಾಟರಿ ವೋಲ್ಟೇಜೂ ಬರೆಯಿರಿ. ಲ್ಯಾಬಿನ ನುಣುಪು ನೆಲದ ಮೇಲೆ ಈ ಅಂಕಿ ಯಾರಿಗೂ ಸಿಗುವುದಿಲ್ಲ. ನನ್ನ ಪ್ರಕಾರ ಚಂದದ ಡೆಮೊ ವಿಡಿಯೋಗಿಂತ ಈ ಒಂದು ಪುಟಕ್ಕೆ ಬೆಲೆ ಜಾಸ್ತಿ.

ಮನೆಯಲ್ಲಿ ಆರ್‌ಓಎಸ್ 2 (ರೋಬೋಟ್ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್), ಗೆಜೆಬೊ (ರೋಬೋಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಿಮ್ಯುಲೇಟರ್) ಹಾಕಿಕೊಂಡು ಕಲಿಯಿರಿ, ಎರಡೂ ಉಚಿತ.

ಆಮೇಲೆ ಪ್ರೊಫೆಸರ್‌ಗೆ ಮೇಲ್. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ, 2019ರಲ್ಲಿ ಶುರುವಾದ ಐಐಐಟಿ ರಾಯಚೂರು ಇದೆ, ನಿಮ್ಮದೇ ಕಾಲೇಜಿನ ಮೇಡಂ ಕೂಡ ಇರಬಹುದು. ಗೂಗಲ್ ಸ್ಕಾಲರ್‌ನಲ್ಲಿ ಅವರ ಇತ್ತೀಚಿನ ಪೇಪರ್ ಒಂದನ್ನಾದರೂ ಪೂರ್ತಿ ಓದಿ. ಮೇಲ್ ಐದಾರು ಸಾಲಿರಲಿ: ಯಾರು, ಏನು ಅಳೆದಿರಿ, ಎಲ್ಲಿ ಸಿಕ್ಕಿಕೊಂಡಿದ್ದೀರಿ, ಅವರ ಪೇಪರಿಗೂ ಇದಕ್ಕೂ ಏನು ನಂಟು. ಹೊಲದಲ್ಲಿ ಬರೆದ ಅಳತೆಯ ಟೇಬಲ್ ಲಗತ್ತಿಸಿ. ವಾರವಾದರೂ ಉತ್ತರ ಬರದಿದ್ದರೆ ಅವರ ಪಿಎಚ್‌ಡಿ ವಿದ್ಯಾರ್ಥಿಯನ್ನು ಕೇಳಿ, ಬಿಡುವಿನ ಹೊತ್ತಿಗೆ ನೇರವಾಗಿ ಹೋಗಿ.

ಗೈಡ್ ಒಪ್ಪಿದ ಮೇಲೆ ದುಡ್ಡಿನ ಮಾತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಆಯ್ದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತದೆ, ಅರ್ಜಿ ಕಾಲೇಜಿನ ಮೂಲಕ ಹೋಗಬೇಕು.

ಬೇಸಿಗೆಯಲ್ಲಿ ಹೊಲದ ಟೆಸ್ಟ್ ಬೆಳಿಗ್ಗೆಯೇ ಮುಗಿಸಿ. ಲಿಥಿಯಂ ಬ್ಯಾಟರಿಯನ್ನು ನಮ್ಮ ಬಿಸಿಲಲ್ಲಿ ಬಿಡಬೇಡಿ, ನೆರಳಲ್ಲಿ ತಣ್ಣಗಾದ ಮೇಲೆಯೇ ಚಾರ್ಜ್‌ಗೆ ಹಾಕಿ.