ಹ್ಯೂಗೊದಲ್ಲಿ ಕನ್ನಡ ಸೈಟ್: ಎರರ್ ಬಾರದೆ ಕೆಡುವ ಕಡೆಗಳು

ಹವ್ಯಾಸದ ಸೈಟಿಗೆ ಡೇಟಾಬೇಸ್ ಬೇಡ, ಲಾಗಿನ್ ಬೇಡ. ಬರಹಗಳೆಲ್ಲ ಮಾರ್ಕ್‌ಡೌನ್ ಎಂಬ ಸರಳ ಪಠ್ಯ ಕಡತಗಳಲ್ಲಿರುತ್ತವೆ. ಸೈಟ್ ಕಟ್ಟಿಕೊಡುವ ತಂತ್ರಾಂಶ ಹ್ಯೂಗೊ ಅವನ್ನು ಎಚ್‌ಟಿಎಂಎಲ್ ಮಾಡಿ 'ಪಬ್ಲಿಕ್' ಫೋಲ್ಡರಿಗೆ ಹಾಕುತ್ತದೆ, ಅದನ್ನು ಸರ್ವರಿಗೆ ಏರಿಸಿದರೆ ಆಯಿತು. ಇಷ್ಟು ಒಂದು ಸಂಜೆಯ ಕೆಲಸ. ತೊಂದರೆ ಕೊಡುವುದು ಆಮೇಲಿನದು: ಬಿಲ್ಡ್, ಅಂದರೆ ಪುಟಗಳನ್ನು ತಯಾರಿಸುವ ಕೆಲಸ, ಸಲೀಸಾಗಿ ಮುಗಿದಿರುತ್ತದೆ, ಸೈಟ್ ಮಾತ್ರ ಸರಿಯಿರುವುದಿಲ್ಲ.

ಮೊದಲನೆಯದು ದಿನಾಂಕ. ಮುಂದಿನ ದಿನಾಂಕದ ಬರಹವನ್ನು ಹ್ಯೂಗೊ ತಾನಾಗಿಯೇ ಬಿಟ್ಟುಬಿಡುತ್ತದೆ. ಬರಹದ ತಲೆಯಲ್ಲಿ, ಅಂದರೆ ಕಡತದ ಆರಂಭದ ವಿವರಗಳಲ್ಲಿ, ಬೆಳಿಗ್ಗೆ 8:00 ಎಂದಷ್ಟೇ ಬರೆದರೆ ಅದನ್ನು ಯುಟಿಸಿ (ಜಾಗತಿಕ ಮಾನಕ ಸಮಯ) ಎಂದು ಓದುತ್ತದೆ, ಅಂದರೆ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 1:30. ಅದಕ್ಕೆ ಮೊದಲು ಬಿಲ್ಡ್ ಮಾಡಿದರೆ ಪುಟವೇ ಇಲ್ಲ. ಮೊದಲೇ ತಯಾರಿಸಿಟ್ಟ ಪುಟಗಳ (ಸ್ಟ್ಯಾಟಿಕ್) ಸೈಟ್ ಆದ್ದರಿಂದ ಸಮಯ ಕಳೆದ ಮೇಲೂ ಅದು ತಾನಾಗಿ ಬರುವುದಿಲ್ಲ, ಇನ್ನೊಮ್ಮೆ ಬಿಲ್ಡ್ ಮಾಡಲೇಬೇಕು. ಸಮಯದ ಕೊನೆಗೆ +05:30 ಸೇರಿಸಿ, ಇಲ್ಲವೇ ಸೈಟಿನ ಕಾನ್ಫಿಗ್ ಕಡತದಲ್ಲಿ ಟೈಮ್‌ಝೋನ್ ಕೊಡಿ.

ಇದಕ್ಕೆ ತಿರುಗುಮುರುಗು ಇನ್ನೊಂದಿದೆ. ಅಳಿಸಿದ ಬರಹ ಸೈಟಿನಲ್ಲಿ ಉಳಿದೇ ಇರುತ್ತದೆ. ಬಿಲ್ಡ್‌ಗೆ ಮುಂಚೆ ಹ್ಯೂಗೊ 'ಪಬ್ಲಿಕ್' ಫೋಲ್ಡರನ್ನು ಖಾಲಿ ಮಾಡುವುದಿಲ್ಲ, ಹಳೆಯ ಪುಟ ಅಲ್ಲೇ ಬಿದ್ದಿದ್ದು ಮತ್ತೆ ಸರ್ವರಿಗೆ ಹೋಗುತ್ತದೆ. ನಾನು ಪ್ರತಿ ಸಲ ಆ ಫೋಲ್ಡರನ್ನೇ ಅಳಿಸಿ ಬಿಲ್ಡ್ ಮಾಡುತ್ತೇನೆ. ಅದನ್ನು ಕಡತಗಳ ಬದಲಾವಣೆ ದಾಖಲಿಸುವ ಗಿಟ್‌ಗೂ ಸೇರಿಸುವುದಿಲ್ಲ.

ಕನ್ನಡಕ್ಕೇ ವಿಶೇಷವಾದ ತಲೆನೋವು ಕಡತದ ಹೆಸರು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಲಿಂಕ್ ಕಾಪಿ ಮಾಡಿದಾಗ ಒಂದೊಂದು ಬೈಟ್ ಶೇಕಡಾ ಚಿಹ್ನೆಯೊಂದಿಗೆ 3 ಅಕ್ಷರವಾಗುತ್ತದೆ. 'ಕನ್ನಡ' ಎಂಬ ಪದದಲ್ಲಿ ಒತ್ತಕ್ಷರ ಜೋಡಿಸುವ '್' ಚಿಹ್ನೆ ಸೇರಿ 5 ಸಂಕೇತ, ಹಾಗಾಗಿ ವಿಳಾಸದಲ್ಲಿ ಅದೊಂದೇ ಪದ 45 ಅಕ್ಷರ. ಉದ್ದವನ್ನಾದರೂ ಸಹಿಸಬಹುದು, 'ಕೋಟೆ' ಎಂಬ ಹೆಸರಿನ ಚಿತ್ರ ಕಾಣದೇ ಹೋಗುವುದನ್ನು ಸಹಿಸಲಾಗದು. 'ೋ' ಎಂಬುದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, 'ೆ', 'ೂ', 'ೕ' ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನಲ್ಲಿ ಎರಡನ್ನೂ ಒಂದೇ ಹೆಸರೆಂದು ನೋಡುವುದರಿಂದ ಚಿತ್ರ ಕಾಣುತ್ತದೆ. ಲಿನಕ್ಸ್ ಸರ್ವರ್ ಬೈಟ್‌ಗಳನ್ನು ಹೋಲಿಸುವುದರಿಂದ ಅಲ್ಲಿ 404, ಅಂದರೆ ಕಡತ ಸಿಗಲಿಲ್ಲ. ಕಡತದ ಹೆಸರು, ಚಿತ್ರದ ಹೆಸರು, ಸ್ಲಗ್ (ವಿಳಾಸದಲ್ಲಿ ಬರುವ ಪುಟದ ಹೆಸರು) ಮೂರನ್ನೂ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಇಡಿ. ಶೀರ್ಷಿಕೆ ಕನ್ನಡದಲ್ಲಿರಲಿ, ಅದಕ್ಕೇನೂ ತೊಂದರೆಯಿಲ್ಲ.

ಫಾಂಟ್ ನೋಟೊ ಸಾನ್ಸ್ ಕನ್ನಡ. ಅದರಿಂದ ಕನ್ನಡ ಭಾಗವನ್ನಷ್ಟೇ ಪೈಎಫ್‌ಟಿಸಬ್‌ಸೆಟ್ ಎಂಬ ಸಾಧನದಿಂದ ಕತ್ತರಿಸಿ ವೋಫ್2 (ವೆಬ್ ಫಾಂಟ್ ಕಡತ) ಮಾಡಿ ಸೈಟಿನಲ್ಲೇ ಇಟ್ಟಿದ್ದೇನೆ. ಕತ್ತರಿಸುವಾಗ ಝಡ್‌ಡಬ್ಲ್ಯುಜೆ, ಝಡ್‌ಡಬ್ಲ್ಯುಎನ್‌ಜೆ (ಅಕ್ಷರಗಳು ಕೂಡುವುದನ್ನು ನಿಯಂತ್ರಿಸುವ, ಕಣ್ಣಿಗೆ ಕಾಣದ ಸಂಕೇತಗಳು) ಎರಡನ್ನೂ ಪಟ್ಟಿಗೆ ಸೇರಿಸಬೇಕು. ಬಿಟ್ಟರೆ 'ಮಾರ್ಕ್‌ಡೌನ್' ಥರದ ಪದಗಳ ಜೋಡಣೆ ಕೆಡಬಹುದು. ಸಾಲಿನ ಎತ್ತರ 1.7. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುವಷ್ಟು ಇಕ್ಕಟ್ಟಾದರೆ ಓದಲು ಹಿಂಸೆ. ಲೆಟರ್ ಸ್ಪೇಸಿಂಗ್ ಮುಟ್ಟಬೇಡಿ.

ಸಿದ್ಧ ಥೀಮ್ ನಾನು ಬಳಸುವುದಿಲ್ಲ. ಗಿಟ್ ಸಬ್‌ಮಾಡ್ಯೂಲ್ ಆಗಿ (ಬೇರೊಂದು ಗಿಟ್ ಸಂಗ್ರಹಕ್ಕೆ ಕೊಂಡಿಯಾಗಿ) ಸೇರಿಸಿದ ಥೀಮ್ ಬಿಲ್ಡ್ ಯಂತ್ರಕ್ಕೆ ಇಳಿಯದಿದ್ದರೆ ಹ್ಯೂಗೊ ಲೇಔಟ್ ಸಿಗಲಿಲ್ಲವೆಂದು ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಪುಟಗಳಿಲ್ಲದ ಸೈಟ್ ಏರಿಬಿಡುತ್ತದೆ. ಚೌಕಟ್ಟು, ಮುಖಪುಟ, ಪಟ್ಟಿ, ಬರಹ ಎಂದು ನಾಲ್ಕು ಟೆಂಪ್ಲೇಟ್ ಕೈಯಾರೆ ಬರೆದುಕೊಂಡರೆ ಸಾಕು. ಹ್ಯೂಗೊ ಆವೃತ್ತಿಯನ್ನೂ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಸಂಖ್ಯೆ ಕೊಟ್ಟು ಕಟ್ಟಿಹಾಕಿ. 0.146ರಲ್ಲಿ ಟೆಂಪ್ಲೇಟ್ ವ್ಯವಸ್ಥೆಯನ್ನೇ ಬದಲಿಸಿದರು. 'ಲೇಟೆಸ್ಟ್' ಎಂದು ಬಿಟ್ಟರೆ ಅಂಥ ಬದಲಾವಣೆ ನಮಗೆ ಬೇಡದ ದಿನವೇ ಬಂದು ಕೂರುತ್ತದೆ.

ಪುಟದ ವಿಳಾಸ ಬದಲಿಸಲೇಬೇಕಾದರೆ ಹಳೆಯ ವಿಳಾಸವನ್ನು ಬರಹದ ತಲೆಯಲ್ಲಿ 'ಏಲಿಯಾಸಸ್' ಅಡಿ ಬರೆಯಿರಿ. ಆ ಜಾಗದಲ್ಲಿ ಹೊಸ ಪುಟಕ್ಕೆ ಕಳಿಸುವ ಪುಟ್ಟ ಎಚ್‌ಟಿಎಂಎಲ್ ಕಡತವೊಂದನ್ನು ಹ್ಯೂಗೊ ಇಡುತ್ತದೆ.